ಜೇತವನದ ಆ ವಾದ: ಹೆಸ್ಸೆಯ ‘ಸಿದ್ಧಾರ್ಥ’ ಬೌದ್ಧವೋ, ವೇದಾಂತವೋ?

ಪ್ರಶ್ನೆ: ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯನ್ನು ಇಂಗ್ಲಿಷ್‌ನಲ್ಲಿ ಓದಿದೆ, ಆಮೇಲೆ ಶಶಿ ಕಪೂರ್ ನಟಿಸಿದ ಸಿನಿಮಾವನ್ನೂ ನೋಡಿದೆ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಇದನ್ನು ‘ಬೌದ್ಧ ಕಾದಂಬರಿ’ ಎಂದೇ ಪಾಠ ಮಾಡಿದ್ದರು. ಉಪನಿಷತ್ತುಗಳನ್ನು ಓದಿಕೊಂಡಿರುವ ನಮ್ಮ ದೊಡ್ಡಪ್ಪ ಕಥೆ ಕೇಳಿ, ‘ಇದು ಅಪ್ಪಟ ಅದ್ವೈತ ಕಣಯ್ಯ’ ಅಂದರು. ಯಾರ ಮಾತು ಸರಿ? ಹೆಸ್ಸೆಗೆ ಮಂಗಳೂರಿನ ನಂಟಿತ್ತು ಅನ್ನುತ್ತಾರೆ, ನಿಜವೇ? ಪಿಯುಸಿ ಓದುವ ಮಗನಿಗೆ ಈ ಪುಸ್ತಕ ಕೊಡಬಹುದೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಮೇಷ್ಟ್ರದ್ದೂ ಅರ್ಧ ಸರಿ, ದೊಡ್ಡಪ್ಪನದ್ದೂ ಅರ್ಧ ಸರಿ ಅಂತ ರಾಜಿ ಮಾಡಿಸಿ ಕಳಿಸಬಹುದಿತ್ತು. ಹಾಗೆ ಮಾಡಿದರೆ ಕಾದಂಬರಿಗೇ ಅನ್ಯಾಯ. ‘ಸಿದ್ಧಾರ್ಥ’ ಬೌದ್ಧ ದರ್ಶನವನ್ನೂ ಹೇಳಿಕೊಡುವುದಿಲ್ಲ, ಅದ್ವೈತವನ್ನೂ ಹೇಳಿಕೊಡುವುದಿಲ್ಲ. ಅರಿವನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡಲು ಬರುತ್ತದೆಯೇ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಅದು ಇಬ್ಬರೊಡನೆಯೂ ವಾದಕ್ಕೆ ನಿಲ್ಲುತ್ತದೆ. ಆ ವಾದದಲ್ಲಿ ಹೆಸ್ಸೆ ಎಲ್ಲಿ ನಮ್ಮ ಗ್ರಂಥಗಳ ಪಕ್ಕ ನಿಲ್ಲುತ್ತಾನೆ, ಎಲ್ಲಿ ಅವುಗಳಿಗೆ ಬೆನ್ನು ಹಾಕುತ್ತಾನೆ ಎಂದು ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪುಸ್ತಕ ಓದದವರು ಹೆಸರು ನೋಡಿ ಇದನ್ನು ಬುದ್ಧನ ಜೀವನಚರಿತ್ರೆ ಅಂದುಕೊಳ್ಳುತ್ತಾರೆ. ಅಲ್ಲ. ಬುದ್ಧನ ಎರಡು ಹೆಸರುಗಳನ್ನು ಹೆಸ್ಸೆ ಇಬ್ಬರಿಗೆ ಹಂಚಿಬಿಟ್ಟಿದ್ದಾನೆ. ಗೋತಮ ಎಂಬಾತ ಬುದ್ಧ, ಸಿದ್ಧಾರ್ಥ ಎಂಬಾತ ಅದೇ ಕಾಲದ ಒಬ್ಬ ಬ್ರಾಹ್ಮಣ ಹುಡುಗ. ಇಬ್ಬರೂ ಮುಖಾಮುಖಿಯಾಗಿ ಮಾತಾಡುವುದು ಪುಸ್ತಕದಲ್ಲಿ ಒಂದೇ ಸಲ. ಇಡೀ ಕಾದಂಬರಿ ನಿಂತಿರುವುದು ಆ ಭೇಟಿಯ ಮೇಲೆ.

ಮಂಗಳೂರಿನ ಮಾತು ಈಗಲೇ ಮುಗಿಸೋಣ, ಯಾಕೆಂದರೆ ಅದು ಬರೀ ಊರಭಿಮಾನದ ಸುದ್ದಿಯಲ್ಲ. ಹೆಸ್ಸೆಯ ತಾಯಿಯ ತಂದೆ ಹರ್ಮನ್ ಗುಂಡರ್ಟ್. ಬಾಸೆಲ್ ಮಿಷನ್ನಿನ ಪಾದ್ರಿ, ತಲಶ್ಶೇರಿಯಲ್ಲಿ ನೆಲೆ ನಿಂತು ಮಲಯಾಳಂ ನಿಘಂಟು ಕಟ್ಟಿದವರು. ಕನ್ನಡಕ್ಕೆ ಕಿಟೆಲ್ ಹೇಗೋ ಮಲಯಾಳಂಗೆ ಗುಂಡರ್ಟ್ ಹಾಗೆ. 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರಿಂದ ನಮ್ಮ ಕರಾವಳಿಯ ಶಾಲೆಗಳೂ ಅವರ ಕೈಕೆಳಗೆ ಬರುತ್ತಿದ್ದವು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ಗುಂಡರ್ಟರ ಹಳೆಯ ಗೆಳೆಯ. ಕನ್ನಡದ ಮೊದಲ ಪತ್ರಿಕೆಯ ಆ ಸಂಪಾದಕನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದದ್ದು ಹೆಸ್ಸೆಯ ಈ ತಾತನೇ. ಹೆಸ್ಸೆಯ ತಾಯಿ ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಂದೆ ಯೊಹಾನೆಸ್ ಹೆಸ್ಸೆಯೂ ಇದೇ ಮಿಷನ್ನಿನ ಕೆಲಸಕ್ಕೆಂದು ಇದೇ ಕರಾವಳಿಗೆ ಬಂದು, ಆರೋಗ್ಯ ಕೆಟ್ಟು 1873ರಲ್ಲಿ ವಾಪಸಾದವರು. ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಗುಂಡರ್ಟರ ಸಹಾಯಕರಾಗಿ ಸೇರಿದರು, ಮರುವರ್ಷ ಅವರ ಮಗಳನ್ನೇ ಮದುವೆಯಾದರು. ಹರ್ಮನ್ ಹೆಸ್ಸೆ ಹುಟ್ಟಿದ್ದು 1877ರಲ್ಲಿ, ಆ ಊರಿನಲ್ಲಿ.

ಅಂದರೆ ಭಾರತ ಈತನಿಗೆ ದೊಡ್ಡವನಾದ ಮೇಲೆ ಲೈಬ್ರರಿಯಲ್ಲಿ ಸಿಕ್ಕ ವಸ್ತುವಲ್ಲ, ಮನೆಯೊಳಗೆ ಮೊದಲೇ ಇತ್ತು. ತಾತನ ಗಾಜಿನ ಬೀರುವಿನಲ್ಲಿ ಕುಣಿಯುವ ಭಂಗಿಯ ಒಂದು ಪುಟ್ಟ ಭಾರತೀಯ ದೇವರ ಮೂರ್ತಿ ಇದ್ದದ್ದನ್ನು ಹೆಸ್ಸೆ ತನ್ನ ಬಾಲ್ಯದ ಬರಹವೊಂದರಲ್ಲಿ ನೆನೆಯುತ್ತಾನೆ. ವಿಚಿತ್ರ ನೋಡಿ: ಆ ಮೂರ್ತಿಗೆ ಕೈಮುಗಿಯುವವರನ್ನು ಮತಾಂತರ ಮಾಡಲೆಂದು ಹೋದವರ ಮನೆಯಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದರು. ಹುಡುಗನನ್ನೂ ಪಾದ್ರಿ ಮಾಡಬೇಕೆಂದು ಮೌಲ್‌ಬ್ರೊನ್ನಿನ ಸೆಮಿನರಿಗೆ ಹಾಕಿದರು. 1892ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವನು ಅಲ್ಲಿಂದ ಓಡಿಹೋದ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಬ್ರಾಹ್ಮಣನ ಮಗ ಸಮಣರ (ಅಲೆಮಾರಿ ಸನ್ಯಾಸಿಗಳ) ಜೊತೆ ಹೋಗಲು ಅಪ್ಪನ ಒಪ್ಪಿಗೆಗಾಗಿ ರಾತ್ರಿಯಿಡೀ ಕೈಕಟ್ಟಿ ನಿಂತುಕೊಳ್ಳುತ್ತಾನಲ್ಲ, ಆ ಹಟ ನಮಗೆ ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾದ ನಚಿಕೇತನನ್ನು ನೆನಪಿಸುತ್ತದೆ. ಬರೆದವನಿಗೆ ಅದು ಸ್ವಂತ ಅನುಭವ. ಒಂದು ವ್ಯತ್ಯಾಸ, ಅವನಿಗೆ ಒಪ್ಪಿಗೆ ಸಿಕ್ಕಿರಲಿಲ್ಲ.

ಹೆಸ್ಸೆ ಭಾರತಕ್ಕೆ ಬಂದಿದ್ದನೇ? ಹೊರಟಿದ್ದ, ಮುಟ್ಟಲಿಲ್ಲ. 1911ರಲ್ಲಿ ಹಾನ್ಸ್ ಷ್ಟುರ್ಟ್ಸೆನೆಗ್ಗರ್ ಎಂಬ ಚಿತ್ರಕಾರನ ಜೊತೆ ಹಡಗು ಹತ್ತಿ ಪೆನಾಂಗ್, ಸಿಂಗಪುರ, ಸುಮಾತ್ರಾ, ಸಿಲೋನ್ ಸುತ್ತಿದ. ತಾಯಿ ಹುಟ್ಟಿದ ಮಲಬಾರಿಗೂ ಹೋಗುವ ಯೋಚನೆ ಇತ್ತು. ಹೊಟ್ಟೆ ಕೆಟ್ಟು, ದುಡ್ಡೂ ಉತ್ಸಾಹವೂ ಕರಗಿ, ಕ್ಯಾಂಡಿಯ ದಂತ ದೇವಾಲಯ ನೋಡಿ ಬೇಸರಪಟ್ಟು ಹಿಂದಿರುಗಿದ. ಪ್ರವಾಸದ ಪುಸ್ತಕಕ್ಕೆ ‘ಭಾರತದಿಂದ’ ಎಂಬ ಹೆಸರಿಟ್ಟ. ಈಗಿನ ಭಾರತದ ಒಂದಡಿ ನೆಲವೂ ಅದರಲ್ಲಿಲ್ಲ! ಆದ್ದರಿಂದ ಕಾದಂಬರಿಯ ನದಿ, ಮಾವಿನ ತೋಪು, ಆಲದ ಮರ ಎಲ್ಲವೂ ಓದಿನಿಂದ ಬಂದವು. ಹೆಚ್ಚಿನ ಊರುಗಳಿಗೆ ಹೆಸರೇ ಇಲ್ಲದಿರುವುದನ್ನು, ತಿಂಡಿ ತೀರ್ಥದ ವಿವರಗಳು ತೆಳುವಾಗಿರುವುದನ್ನು ನೀವೂ ಗಮನಿಸಿರುತ್ತೀರಿ.

ಆ ಓದು ಮಾತ್ರ ಗಟ್ಟಿಯಾಗಿತ್ತು. ಷಾಜಹಾನನ ಮಗ ದಾರಾ ಶಿಕೋ 1657ರಲ್ಲಿ ಪಂಡಿತರನ್ನು ಕೂಡಿಸಿಕೊಂಡು ಉಪನಿಷತ್ತುಗಳನ್ನು ಪಾರ್ಸಿಗೆ ತಂದ. ಆ ಪಾರ್ಸಿಯನ್ನು ಆಂಕ್ತಿಲ್ ದ್ಯುಪೆರಾನ್ ಎಂಬ ಫ್ರೆಂಚ್ ವಿದ್ವಾಂಸ 1801–02ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ. ಜರ್ಮನ್ ತತ್ವಜ್ಞಾನಿ ಶೋಪೆನ್‌ಹೌಯರ್ ಅದನ್ನು ತಲೆದಿಂಬಿನಂತೆ ಹತ್ತಿರ ಇಟ್ಟುಕೊಂಡ. ಶೋಪೆನ್‌ಹೌಯರನ ಹುಚ್ಚು ಹಿಡಿಸಿಕೊಂಡ ಪಾಲ್ ಡಾಯ್ಸನ್ 1897ರಲ್ಲಿ ಅರವತ್ತು ಉಪನಿಷತ್ತುಗಳನ್ನು ನೇರ ಸಂಸ್ಕೃತದಿಂದ ಜರ್ಮನ್‌ಗೆ ತಂದ. ಬೌದ್ಧರ ಕಡೆಯಿಂದ ಕಾರ್ಲ್ ಓಯ್ಗನ್ ನೋಯ್ಮನ್ ಎಂಬಾತ ಮಜ್ಝಿಮ ನಿಕಾಯ ಎಂಬ ಸಂಗ್ರಹದ ಸುತ್ತಗಳನ್ನು, ಅಂದರೆ ಬುದ್ಧನ ಉಪದೇಶಗಳನ್ನು, ಪಾಳಿಯಿಂದ ಅನುವಾದಿಸಿದ. ಡಾಯ್ಸನ್ನೂ ನೋಯ್ಮನ್ನೂ ಹೆಸ್ಸೆಯ ಮೇಜಿನ ಮೇಲಿದ್ದರು. ಪಕ್ಕದಲ್ಲೇ ಲಾವೋತ್ಸೆ. ಆ ಚೀನೀ ಋಷಿಯ ಬಗ್ಗೆ ಅವನ ಪಾದ್ರಿ ಅಪ್ಪನೇ ಒಂದು ಕಿರುಪುಸ್ತಕ ಬರೆದಿದ್ದರು. ಲಾವೋತ್ಸೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಜೇತವನಕ್ಕೆ, ಸಾವತ್ಥಿಯಲ್ಲಿ ಬುದ್ಧ ತಂಗಿದ್ದ ತೋಪಿಗೆ, ಹೋಗೋಣ. ಗೆಳೆಯ ಗೋವಿಂದ ಬುದ್ಧನ ಸಂಘ ಸೇರಿಬಿಟ್ಟಿದ್ದಾನೆ. ಮಾರನೆಯ ದಿನ ತೋಪಿನಲ್ಲಿ ಎದುರಾದ ಬುದ್ಧನನ್ನು ಸಿದ್ಧಾರ್ಥ ಮಾತಾಡಿಸುತ್ತಾನೆ. ಅವನ ಆಕ್ಷೇಪಣೆ ಎರಡು. ಜಗತ್ತೆಲ್ಲ ಎಲ್ಲೂ ತುಂಡಾಗದ ಕಾರ್ಯಕಾರಣದ ಸರಪಳಿ ಎಂದು ತೋರಿಸಿದ್ದೀರಿ, ಆದರೆ ಆ ಸರಪಳಿಯಿಂದ ಬಿಡುಗಡೆ ಉಂಟು ಎನ್ನುವಾಗ ನೀವೇ ಒಂದು ಕಡೆ ಅದನ್ನು ಕತ್ತರಿಸಿದ ಹಾಗಾಗಲಿಲ್ಲವೇ, ಇದು ಮೊದಲನೆಯದು. ನಿಮಗೆ ಜ್ಞಾನೋದಯವಾದದ್ದು ಯಾರ ಬೋಧನೆಯಿಂದಲೂ ಅಲ್ಲ, ನಿಮ್ಮ ಹುಡುಕಾಟದಿಂದ, ಆ ಗಳಿಗೆಯಲ್ಲಿ ಏನಾಯಿತು ಎಂಬುದನ್ನು ನಿಮ್ಮ ಬೋಧನೆ ಹೇಳಲಾರದು, ಇದು ಎರಡನೆಯದು. ಬುದ್ಧ ಸಿಟ್ಟಾಗುವುದಿಲ್ಲ. ಅಭಿಪ್ರಾಯಗಳ ಪೊದೆಯಲ್ಲಿ ಸಿಕ್ಕಿಹಾಕಿಕೊಳ್ಳಬೇಡ, ಅತಿ ಜಾಣತನದ ಬಗ್ಗೆ ಎಚ್ಚರವಿರಲಿ ಎಂದು ಹೇಳಿ ಮುಗುಳ್ನಗುತ್ತಾ ಹೋಗುತ್ತಾನೆ. ‘ದೃಷ್ಟಿಗಳ ಕಾಡು’ ಎಂಬ ಆ ಮಾತು ಸುತ್ತಗಳಲ್ಲಿ ಬುದ್ಧನದೇ. ಹೆಸ್ಸೆ ಸುಮ್ಮನೆ ಕಲ್ಪಿಸಿಕೊಂಡು ಬರೆದದ್ದಲ್ಲ.

ಸಾಮಾನ್ಯ ಓದುಗರಿಗೆ ಇಲ್ಲಿ ಸಿದ್ಧಾರ್ಥ ಗೆದ್ದ ಎನಿಸುತ್ತದೆ. ಪಾಳಿ ಓದಿದವರಿಗೆ ಹಾಗನಿಸುವುದಿಲ್ಲ. ಅದೇ ಸಾವತ್ಥಿಯಲ್ಲಿ ನಡೆಯುವ ಗಣಕ ಮೊಗ್ಗಲ್ಲಾನ ಸುತ್ತವನ್ನು ತೆಗೆದು ನೋಡಿ (ಮಜ್ಝಿಮ ನಿಕಾಯ, 107). ಲೆಕ್ಕ ಬರೆಯುವ ವೃತ್ತಿಯ ಒಬ್ಬ ಬ್ರಾಹ್ಮಣ ಬಂದು ಕೇಳುತ್ತಾನೆ: ನೀವು ಹೇಳಿಕೊಟ್ಟವರೆಲ್ಲ ನಿಬ್ಬಾಣ (ನಿರ್ವಾಣ) ಮುಟ್ಟುತ್ತಾರೋ? ಕೆಲವರು ಮುಟ್ಟುತ್ತಾರೆ, ಕೆಲವರು ಮುಟ್ಟುವುದಿಲ್ಲ ಎನ್ನುತ್ತಾನೆ ಬುದ್ಧ. ನಿಬ್ಬಾಣ ಇದೆ, ದಾರಿ ಇದೆ, ದಾರಿ ತೋರಿಸಲು ನೀವೂ ಇದ್ದೀರಿ, ಮತ್ತೆ ಯಾಕೆ ಹೀಗೆ? ಬುದ್ಧ ತಿರುಗಿ ಕೇಳುತ್ತಾನೆ: ನಿನಗೆ ರಾಜಗಹದ ದಾರಿ ಗೊತ್ತೇ? ಗೊತ್ತು. ಒಬ್ಬ ಬಂದು ದಾರಿ ಕೇಳಿದ, ನೀನು ಸರಿಯಾಗಿಯೇ ಹೇಳಿದೆ, ಅವನು ತಪ್ಪು ದಾರಿ ಹಿಡಿದು ಪಶ್ಚಿಮಕ್ಕೆ ಹೋದ. ಇನ್ನೊಬ್ಬ ಕೇಳಿಕೊಂಡು ನೆಟ್ಟಗೆ ಹೋಗಿ ತಲುಪಿದ. ಯಾಕೆ ಹಾಗಾಯಿತು? ಬ್ರಾಹ್ಮಣ ಹೇಳುತ್ತಾನೆ: ನಾನೇನು ಮಾಡಲಿ ಗೋತಮರೇ, ನಾನು ದಾರಿ ಹೇಳುವವನಷ್ಟೇ. ಬುದ್ಧನ ಉತ್ತರವೂ ಅದೇ: ನಾನೂ ಏನು ಮಾಡಲಿ, ತಥಾಗತನೂ ದಾರಿ ಹೇಳುವವನಷ್ಟೇ. ಧಮ್ಮಪದದಲ್ಲೂ ಇದೇ ಮಾತಿದೆ, ಪ್ರಯತ್ನ ನಿಮ್ಮದು, ತಥಾಗತರು ಹೇಳಿಕೊಡುವವರು ಮಾತ್ರ ಎಂದು.

ಅಂದರೆ ಹೆಸ್ಸೆಯ ನಾಯಕ ಯಾವುದನ್ನು ಬುದ್ಧನ ಮೇಲಿನ ಆಕ್ಷೇಪಣೆ ಎಂದುಕೊಂಡನೋ ಅದನ್ನು ಬುದ್ಧ ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗಿದ್ದಾನೆ. ಅಲ್ಲಿಂದಾಚೆಗೆ ಇಬ್ಬರದೂ ಬೇರೆ ದಾರಿ. ದಾರಿ ಹೇಳುವುದರಿಂದ ನಡೆದಂತಾಗುವುದಿಲ್ಲ, ಹೌದು. ಅದಕ್ಕೇ ಶೀಲ ಬೇಕು, ಜೊತೆಗಾರರು ಬೇಕು, ದಿನದಿನದ ಅಭ್ಯಾಸ ಬೇಕು ಎನ್ನುವುದು ಬುದ್ಧನ ತೀರ್ಮಾನ. ಅದಕ್ಕೇ ಯಾರೂ ಬೇಡ, ನಾನೊಬ್ಬನೇ ಎಲ್ಲದರಲ್ಲೂ ಬಿದ್ದು ಏಳುತ್ತೇನೆ ಎನ್ನುವುದು ಸಿದ್ಧಾರ್ಥನ ತೀರ್ಮಾನ. ಬೌದ್ಧಧರ್ಮದ ಮೂರು ರತ್ನಗಳಲ್ಲಿ ಬುದ್ಧನನ್ನು ಅವನು ಗೌರವಿಸುತ್ತಾನೆ, ಧಮ್ಮವನ್ನು ಅನುಮಾನಿಸುತ್ತಾನೆ, ಸಂಘವನ್ನು ತಿರುಗಿಯೂ ನೋಡುವುದಿಲ್ಲ. ಸಂಘ ಬೇಡದ ಬೌದ್ಧ ಕಾದಂಬರಿ ಅಂದರೆ ನನಗೆ ಅರ್ಥವಾಗುವುದಿಲ್ಲ. ನಿಮ್ಮ ಮೇಷ್ಟ್ರು ಪಾಠ ಮಾಡುವಾಗ ಈ ಮಾತನ್ನು ಬಿಟ್ಟಿದ್ದರೆ ದೊಡ್ಡದನ್ನೇ ಬಿಟ್ಟರು. ನಾಲ್ಕು ಅಧ್ಯಾಯ ಮೊದಲ ಭಾಗದಲ್ಲಿ, ಎಂಟು ಎರಡನೆಯದರಲ್ಲಿ, ಆದ್ದರಿಂದ ನಾಲ್ಕು ಆರ್ಯಸತ್ಯ ಮತ್ತು ಅಷ್ಟಾಂಗ ಮಾರ್ಗ ಎಂದು ತೋರಿಸಿಕೊಡುವ ವಿಮರ್ಶಕರಿದ್ದಾರೆ. ಎಣಿಕೆ ಸರಿ. ಅದರಿಂದ ಕಥೆ ಬೌದ್ಧವಾಗುವುದಿಲ್ಲ.

ಹಾಗಂತ ಬೌದ್ಧ ಸಾಹಿತ್ಯದ ಋಣ ಸಣ್ಣದಲ್ಲ. ಕಮಲಾಳನ್ನು ನೋಡಿ. ಸಿದ್ಧಾರ್ಥನಿಗೆ ಪ್ರೇಮ ಕಲಿಸಿದ ಗಣಿಕೆ, ಊರಾಚೆಗೆ ಅವಳ ವಿಹಾರವನ. ವಯಸ್ಸಾದ ಮೇಲೆ ಆ ವನವನ್ನು ಬುದ್ಧನ ಭಿಕ್ಖುಗಳಿಗೆ ದಾನ ಕೊಡುತ್ತಾಳೆ, ಬುದ್ಧನ ಅಂತ್ಯಕಾಲದ ಸುದ್ದಿ ಕೇಳಿ ಸಿದ್ಧಾರ್ಥನಿಂದ ಪಡೆದ ಮಗನ ಕೈಹಿಡಿದು ಹೊರಡುತ್ತಾಳೆ, ದಾರಿಯಲ್ಲಿ ಹಾವು ಕಚ್ಚಿ ಸಾಯುತ್ತಾಳೆ. ಮಹಾಪರಿನಿಬ್ಬಾಣ ಸುತ್ತದಲ್ಲಿ ವೈಶಾಲಿಯ ಗಣಿಕೆ ಅಂಬಪಾಲಿ ತನ್ನ ಮಾವಿನ ತೋಪನ್ನು ಬುದ್ಧಪ್ರಮುಖ ಸಂಘಕ್ಕೆ ಕೊಡುತ್ತಾಳೆ, ಅದೂ ಬುದ್ಧನ ಕೊನೆಯ ಯಾತ್ರೆಯ ದಾರಿಯಲ್ಲೇ. ಅವನನ್ನು ಊಟಕ್ಕೆ ಕರೆಯುವ ಹಕ್ಕನ್ನು ನಮಗೆ ಬಿಟ್ಟುಕೊಡು, ಲಕ್ಷ ಕೊಡುತ್ತೇವೆ ಎಂದ ಲಿಚ್ಛವಿ ರಾಜಕುಮಾರರಿಗೆ, ವೈಶಾಲಿಯನ್ನೇ ಕೊಟ್ಟರೂ ಬಿಡೆ ಎಂದ ದಿಟ್ಟೆ ಅವಳು. ಕಮಲಾಳಲ್ಲಿ ಆ ದಿಟ್ಟತನ ಅರ್ಧದಷ್ಟೂ ಇಲ್ಲ. ಅಂಬಪಾಲಿ ಥೇರಿಯಾಗಿ (ಹಿರಿಯ ಭಿಕ್ಖುಣಿಯಾಗಿ) ತನ್ನ ಮುಪ್ಪಿನ ಮೈಯ ಮೇಲೆ ತಾನೇ ಗಾಥೆ ಕಟ್ಟಿ ಹಾಡಿದಳು. ಕಮಲಾಳಿಗೆ ಸಿದ್ಧಾರ್ಥನ ಎದುರಿನಲ್ಲಿ ಸಾಯುವುದಷ್ಟೇ ಗತಿ. ಹೆಸ್ಸೆಯ ಹೆಣ್ಣುಗಳ ಬಗ್ಗೆ ನನಗಿರುವ ತಕರಾರು ಇದು.

ಇನ್ನು ದೊಡ್ಡಪ್ಪನ ಸರದಿ. ಅವರ ಪರವಾಗಿ ಬೇಕಾದಷ್ಟು ಸಾಕ್ಷಿಯಿದೆ. ಮೊದಲ ಅಧ್ಯಾಯದ ತುಂಬ ಛಾಂದೋಗ್ಯದ ಗುಂಗು, ಓಂಕಾರದ ಧ್ಯಾನ, ಆತ್ಮ ಎಲ್ಲಿದೆ ಎಂಬ ತಹತಹ. ಬೌದ್ಧನಾಗಿದ್ದರೆ ‘ಅನತ್ತ’ (ಆತ್ಮವಿಲ್ಲ) ಅನ್ನಬೇಕಾದ ಕಡೆಯಲ್ಲೆಲ್ಲ ಈ ಕಾದಂಬರಿ ಆತ್ಮ ಅನ್ನುತ್ತದೆ. ಸಿದ್ಧಾರ್ಥನಿಗೆ ನದಿಯ ಮಾತು ಕೇಳಲು ಕಲಿಸುವ ಅಂಬಿಗನ ಹೆಸರು ವಾಸುದೇವ, ಗೆಳೆಯ ಗೋವಿಂದ, ಎರಡೂ ಕೃಷ್ಣನ ಹೆಸರು. ಬೋಧನೆಯಿಂದ ಅರಿವು ಸಿಗದು ಎಂಬ ವಾದಕ್ಕಂತೂ ಕಠೋಪನಿಷತ್ತಿನ ‘ನಾಯಮಾತ್ಮಾ ಪ್ರವಚನೇನ ಲಭ್ಯಃ’ ಎಂಬ ಮಾತೇ ಇದೆ. ಆದರೆ ಛಾಂದೋಗ್ಯದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸತ್ಯಕಾಮ ಜಾಬಾಲನ ಕಥೆಯನ್ನು ಅವರು ಕಾದಂಬರಿಯ ಪಕ್ಕದಲ್ಲಿಟ್ಟು ಓದಲಿ. ಗುರು ಅವನಿಗೆ ನಾನೂರು ಬಡಕಲು ಹಸುಗಳನ್ನು ಕೊಟ್ಟು ಕಾಡಿಗೆ ಅಟ್ಟುತ್ತಾನೆ. ಆ ಗುರುವಿನ ಹೆಸರೂ ಗೌತಮನೇ, ಹಾರಿದ್ರುಮತ ಗೌತಮ. ಹಸು ಸಾವಿರವಾಗುವವರೆಗೆ ಹುಡುಗ ಮರಳುವುದಿಲ್ಲ. ವಾಪಸು ಬರುವ ದಾರಿಯಲ್ಲಿ ಗೂಳಿ, ಬೆಂಕಿ, ಹಂಸ, ನೀರುಹಕ್ಕಿ ಒಂದೊಂದೂ ಬ್ರಹ್ಮದ ಕಾಲುಪಾಲನ್ನು ಅವನಿಗೆ ಹೇಳುತ್ತವೆ. ನದಿಯಿಂದ ಕಲಿತ ಸಿದ್ಧಾರ್ಥನಿಗೆ ಇವನು ಅಣ್ಣನಂತಿದ್ದಾನೆ ಅಲ್ಲವೇ? ಮನೆಗೆ ಬಂದಾಗ ಗುರು ಮುಖ ನೋಡಿಯೇ ಕೇಳುತ್ತಾನೆ: ಬ್ರಹ್ಮ ತಿಳಿದವನ ಹಾಗೆ ಹೊಳೆಯುತ್ತಿದ್ದೀಯಲ್ಲ, ಯಾರು ಹೇಳಿಕೊಟ್ಟರು? ಮನುಷ್ಯರಲ್ಲ, ಬೇರೆಯವರು ಎನ್ನುತ್ತಾನೆ ಸತ್ಯಕಾಮ. ಕಥೆ ಅಲ್ಲಿಗೇ ನಿಂತಿದ್ದರೆ ಹೆಸ್ಸೆಯ ಕಾದಂಬರಿಯೇ. ಆದರೆ ಹುಡುಗ ಮುಂದುವರಿಸುತ್ತಾನೆ: ಆದರೂ ನೀವೇ ನನಗೆ ಹೇಳಬೇಕು, ಆಚಾರ್ಯನಿಂದ ತಿಳಿದ ವಿದ್ಯೆಯೇ ಸರಿಯಾಗಿ ಗುರಿ ಮುಟ್ಟಿಸುತ್ತದೆ ಎಂದು ತಮ್ಮಂಥವರಿಂದ ಕೇಳಿದ್ದೇನೆ. ಗುರು ಅದನ್ನೇ ಹೇಳುತ್ತಾನೆ, ಏನೂ ಬಿಡದೆ ಹೇಳುತ್ತಾನೆ.

ಹಸುಗಳನ್ನು ಹೊಡೆದುಕೊಂಡು ಗುರುವಿನ ಮನೆಗೆ ಮರಳುವ ಈ ಕೊನೆಯನ್ನು ಹೆಸ್ಸೆ ಬರೆಯಲಾರ. ಅವನ ನಾಯಕ ಮರಳುವುದು ಹೊಳೆಗೆ, ಅಪ್ಪನ ಮನೆಗಲ್ಲ, ಜೇತವನಕ್ಕಲ್ಲ. ಶಂಕರರು ಒಪ್ಪದ ಇನ್ನೊಂದು ಸಂಗತಿ ಕೊನೆಯ ಅಧ್ಯಾಯದಲ್ಲಿದೆ. ಸಿದ್ಧಾರ್ಥ ಒಂದು ಕಲ್ಲನ್ನು ಕೈಗೆತ್ತಿಕೊಂಡು ಗೋವಿಂದನಿಗೆ ಹೇಳುತ್ತಾನೆ: ಇದು ಮುಂದೊಂದು ದಿನ ಮಣ್ಣಾಗಿ, ಗಿಡವಾಗಿ, ಮನುಷ್ಯನಾಗುತ್ತದೆ ಎಂಬುದಕ್ಕಾಗಿ ನಾನಿದನ್ನು ಪ್ರೀತಿಸುವುದಿಲ್ಲ, ಇದು ಈಗ, ಇಲ್ಲಿ, ಕಲ್ಲಾಗಿದೆ ಎಂಬುದಕ್ಕೇ ಪ್ರೀತಿಸುತ್ತೇನೆ. ಜಗತ್ತನ್ನು ಮಿಥ್ಯೆಯೆಂದು ದಾಟಿಹೋಗುವ ಮಾತಲ್ಲ ಇದು. ಸಂಸಾರ ನಿರ್ವಾಣ ಎಂಬ ಭೇದ ಬೋಧನೆಯ ಅನುಕೂಲಕ್ಕೆ ಮಾಡಿಕೊಂಡದ್ದು ಎಂದೂ ಅವನು ಹೇಳುತ್ತಾನೆ. ಇದಕ್ಕೆ ಹತ್ತಿರದವನು ಶಂಕರನಿಗಿಂತ ಬೌದ್ಧ ದಾರ್ಶನಿಕ ನಾಗಾರ್ಜುನ, ಸಂಸಾರಕ್ಕೂ ನಿರ್ವಾಣಕ್ಕೂ ಏನೇನೂ ಅಂತರವಿಲ್ಲ ಎಂದು ಮಾಧ್ಯಮಕ ಕಾರಿಕೆಯಲ್ಲಿ ಬರೆದವನು. ಆದರೆ ನಾಗಾರ್ಜುನ ಅಲ್ಲಿಗೆ ಬರುವುದು ಶೂನ್ಯತೆಯ ತರ್ಕದಿಂದ. ಸಿದ್ಧಾರ್ಥ ಬರುವುದು ಪ್ರೀತಿಯಿಂದ. ಗೋವಿಂದ ಅಲ್ಲೇ ತಡೆಯುತ್ತಾನೆ: ನಮ್ಮ ಗುರುಗಳು ಕರುಣೆ, ಸಹನೆ ಹೇಳಿಕೊಟ್ಟರು, ಲೋಕದ ವಸ್ತುಗಳಿಗೆ ಅಂಟುವ ಪ್ರೀತಿಯನ್ನಲ್ಲ. ನ್ಯಾಯವಾದ ತಡೆ ಅದು.

ಹಾಗಾದರೆ ಈ ಪ್ರೀತಿ ಎಲ್ಲಿಂದ ಬಂತು? ಹೆಸ್ಸೆಯೇ ಎರಡು ಸಲ ಉತ್ತರಿಸಿದ್ದಾನೆ, ಬೇರೆ ಬೇರೆಯಾಗಿ. ಪುಸ್ತಕ ಬಂದ 1922ರಲ್ಲೇ ಲೇಖಕ ಸ್ಟೆಫಾನ್ ಜ್ವೈಗನಿಗೆ ಬರೆದ ಪತ್ರದಲ್ಲಿ, ನನ್ನ ಸಂತ ತೊಟ್ಟಿರುವುದು ಭಾರತದ ಬಟ್ಟೆ, ಅವನ ವಿವೇಕ ಮಾತ್ರ ಗೋತಮನಿಗಿಂತ ಲಾವೋತ್ಸೆಗೆ ಹತ್ತಿರ ಎಂದ. 1931ರ ಒಂದು ಪ್ರಬಂಧದಲ್ಲಿ, ನನ್ನ ಸಿದ್ಧಾರ್ಥ ಜ್ಞಾನಕ್ಕಿಂತ ಪ್ರೀತಿಯನ್ನು ಮುಂದಿಟ್ಟದ್ದನ್ನು ಕ್ರಿಶ್ಚಿಯನ್ ಗುಣ, ಅಪ್ಪಟ ಪ್ರಾಟೆಸ್ಟಂಟ್ ಗುಣ ಎಂದೂ ನೋಡಬಹುದು ಎಂದ. ನನ್ನ ಒಲವು ಎರಡನೆಯದರ ಕಡೆಗೆ. ಪೂಜಾರಿ ಬೇಡ, ಮಠ ಬೇಡ, ಸತ್ಯದ ಮುಂದೆ ಒಬ್ಬೊಬ್ಬನೂ ತಾನೇ ನಿಲ್ಲಬೇಕು ಎಂಬ ಹಟ ಕಾಲ್ವ್ ಊರಿನ ಆ ಮಿಷನ್ ಮನೆಯದು. ಪಾದ್ರಿಯಾಗಲು ಒಲ್ಲದೆ ಓಡಿದ ಹುಡುಗ ಮನೆಯ ಧರ್ಮದ ತಿರುಳನ್ನು ಮಾತ್ರ ಹೊತ್ತುಕೊಂಡೇ ಓಡಿದ್ದ.

ಬರವಣಿಗೆ ಸರಾಗವಾಗಿ ಆಗಲಿಲ್ಲ ಎಂಬುದನ್ನೂ ಹೇಳಬೇಕು. 1919ರ ಚಳಿಗಾಲದಲ್ಲಿ ಶುರುವಾದದ್ದು ಎರಡನೇ ಭಾಗದ ನಡುವೆ ನಿಂತುಹೋಯಿತು, ಸುಮಾರು ಒಂದೂವರೆ ವರ್ಷ. ಹುಡುಕುವವನ ನೋವನ್ನು ಬರೆಯಬಲ್ಲೆ, ಗೆದ್ದವನನ್ನು ಬರೆಯಲಾರೆ, ಅದು ನನ್ನ ಅನುಭವದಲ್ಲಿಲ್ಲ ಎಂಬುದು ಅವನ ತೊಡಕು. ಈ ನಡುವೆ 1921ರಲ್ಲಿ ಮನೋವಿಜ್ಞಾನಿ ಯುಂಗ್ ಬಳಿ ಕೂತು ಮನೋವಿಶ್ಲೇಷಣೆ ಮಾಡಿಸಿಕೊಂಡ. ಮೊದಲ ಭಾಗವನ್ನು ಫ್ರೆಂಚ್ ಲೇಖಕ ರೊಮೇನ್ ರೊಲಾನ್‌ಗೆ ಅರ್ಪಿಸಿದ. ಮುಂದೆ ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆ ಬರೆದವರು ಇವರೇ. ಎರಡನೆಯ ಭಾಗವನ್ನು ಸೋದರ ಸಂಬಂಧಿ ವಿಲ್‌ಹೆಲ್ಮ್ ಗುಂಡರ್ಟ್‌ಗೆ ಅರ್ಪಿಸಿದ. ತಲಶ್ಶೇರಿಯ ಗುಂಡರ್ಟರ ಮೊಮ್ಮಗನಾದ ಈತ ಜಪಾನಿಗೆ ಮಿಷನರಿಯಾಗಿ ಹೋಗಿ ಝೆನ್ ಗ್ರಂಥಗಳ ಅನುವಾದಕನಾದ. ಮತಾಂತರಕ್ಕೆಂದು ಹೊರಟ ಒಂದೇ ಮನೆತನದಿಂದ ಮಲಯಾಳಂ ನಿಘಂಟು, ‘ಸಿದ್ಧಾರ್ಥ’, ಝೆನ್ ಅನುವಾದ!

ಇದೇ 1922ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವನ ಕೂಡ ಬಂತು. ಅದರಲ್ಲೂ ಬುದ್ಧನ ಬೆಂಕಿಯ ಉಪದೇಶ ಒಂದು ಕಡೆ, ಬೃಹದಾರಣ್ಯಕದ ಗುಡುಗು ಇನ್ನೊಂದು ಕಡೆ. ಹಾರ್ವರ್ಡಿನಲ್ಲಿ ಕೂತು ಸಂಸ್ಕೃತ ಕಲಿತವನಾದರೂ ಉಪನಿಷತ್ತಿನ ‘ದಾಮ್ಯತ, ದತ್ತ, ದಯಧ್ವಮ್’ ಎಂಬ ಕ್ರಮವನ್ನು ಎಲಿಯಟ್ ‘ದತ್ತ, ದಯಧ್ವಮ್, ದಾಮ್ಯತ’ ಎಂದು ತನಗೆ ಬೇಕಾದಂತೆ ತಿರುಗಿಸಿಕೊಂಡ. ಮೊದಲ ಮಹಾಯುದ್ಧದಲ್ಲಿ ಮನೆ ಸುಟ್ಟುಕೊಂಡ ಯುರೋಪು ಆ ದಿನಗಳಲ್ಲಿ ಬೌದ್ಧ, ವೈದಿಕ ಎಂದು ಬೇರ್ಪಡಿಸುತ್ತಾ ಕೂರಲಿಲ್ಲ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಕುಡಿಯಿತು.

ಸಿನಿಮಾದ ವಿಚಾರಕ್ಕೆ ಬರುತ್ತೇನೆ. ನೀವು ನೋಡಿದ್ದು ಅಮೆರಿಕದ ಕಾನ್ರಾಡ್ ರೂಕ್ಸ್ 1972ರಲ್ಲಿ ಮಾಡಿದ ಚಿತ್ರ. ಆ ಹೊತ್ತಿಗೆ ಕಾದಂಬರಿ ಇನ್ನೊಂದು ಜನ್ಮ ಎತ್ತಿತ್ತು. 1951ರಲ್ಲಿ ಬಂದ ಹಿಲ್ಡಾ ರಾಸ್ನರ್ ಅವರ ಇಂಗ್ಲಿಷ್ ಅನುವಾದವನ್ನು ಅರವತ್ತರ ದಶಕದ ಅಮೆರಿಕನ್ ಹುಡುಗರು ಜೋಳಿಗೆಯಲ್ಲಿಟ್ಟುಕೊಂಡು ಭಾರತಕ್ಕೆ ಬರುತ್ತಿದ್ದರು. ಸಿನಿಮಾ ಕೂಡ ಆ ಕಣ್ಣಿನದೇ. ಬರ್ಗ್‌ಮನ್ ಚಿತ್ರಗಳ ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಹೃಷೀಕೇಶದ ಗಂಗೆಯನ್ನೂ ಭರತಪುರವನ್ನೂ ಕಣ್ತುಂಬುವಂತೆ ಹಿಡಿದ. ಶಶಿ ಕಪೂರ್, ಸಿಮಿ ಗರೇವಾಲ್ ಸುಂದರವಾಗಿದ್ದಾರೆ, ತೀರಾ ಸುಂದರವಾಗಿದ್ದಾರೆ. ವ್ಯಾಪಾರ, ಜೂಜು, ಹೆಂಡದಲ್ಲಿ ವರ್ಷಗಟ್ಟಲೆ ಕೊಳೆತ ಮನುಷ್ಯನ ಹೇಸಿಗೆ ಆ ಮುಖದ ಮೇಲೆ ಮೂಡುವುದೇ ಇಲ್ಲ. ಅದು ಮೂಡದೆ ಸಿದ್ಧಾರ್ಥ ಸಾಯಲೆಂದು ಹೊಳೆಗೆ ಹಾರಲು ಹೊರಟದ್ದು ಯಾಕೆ ಎಂಬುದು ನೋಡುವವರಿಗೆ ತಾಗುವುದಿಲ್ಲ. ನನಗೆ ಇಷ್ಟವಾದದ್ದು ಹೇಮಂತ್ ಕುಮಾರರ ದನಿ. ಬಂಗಾಳಿ ಸಿನಿಮಾಗಳಲ್ಲಿ ಮೊದಲೇ ಮನೆಮಾತಾಗಿದ್ದ ‘ಓ ನದಿ ರೇ’ಯಂಥ ಹಾಡುಗಳನ್ನೇ ರೂಕ್ಸ್ ಇಲ್ಲಿ ಬಳಸಿಕೊಂಡ. ಪಶ್ಚಿಮದ ಪ್ರೇಕ್ಷಕರಿಗೆ ಅದು ಅನಾದಿ ಗಂಗೆಯ ಸಂಗೀತ, ಕಲ್ಕತ್ತೆಯವರಿಗೆ ರೇಡಿಯೊದಲ್ಲಿ ಕೇಳಿದ ಸಿನಿಮಾ ಹಾಡು.

ಜರ್ಮನ್ ಕಣ್ಣಿನಲ್ಲಿ ಬುದ್ಧ ತೆರೆಗೆ ಬಂದದ್ದು ಅದಕ್ಕೂ ಬಹಳ ಮೊದಲು. ಪುಣೆಯ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಎಡ್ವಿನ್ ಆರ್ನಲ್ಡ್ 1879ರಲ್ಲಿ ‘ದಿ ಲೈಟ್ ಆಫ್ ಏಷ್ಯಾ’ ಕಾವ್ಯ ಬರೆದರು. ಅದನ್ನಿಟ್ಟುಕೊಂಡು ಬಂಗಾಳದ ಹಿಮಾಂಶು ರಾಯ್ ಮ್ಯೂನಿಕ್ಕಿನ ಕಂಪನಿಯ ಜೊತೆ ಸೇರಿ 1925ರಲ್ಲಿ ‘ಪ್ರೇಮ್ ಸನ್ಯಾಸ್’ ಮಾಡಿದರು. ನಿರ್ದೇಶಕ ಜರ್ಮನಿಯ ಫ್ರಾನ್ಜ್ ಆಸ್ಟನ್, ಬುದ್ಧನಾಗಿ ಸ್ವತಃ ರಾಯ್. ಭಾರತ ನೋಡಲು ಬಂದ ಬಿಳಿಯ ಪ್ರ‍ವಾಸಿಗರಿಂದಲೇ ಆ ಚಿತ್ರ ಶುರುವಾಗುತ್ತದೆ, ಕಥೆ ಯಾರಿಗೆ ಹೇಳುತ್ತಿದ್ದೇವೆ ಎಂಬ ಮುಚ್ಚುಮರೆಯೇ ಇಲ್ಲ. ಆ ನಂಟು ಮಾತ್ರ ವ್ಯರ್ಥವಾಗಲಿಲ್ಲ. ರಾಯ್ ಮುಂದೆ ಬಾಂಬೆ ಟಾಕೀಸ್ ಕಟ್ಟಿದಾಗ ಆಸ್ಟನ್ ಅಲ್ಲಿಗೆ ಬಂದು 1936ರಲ್ಲಿ ‘ಅಛೂತ್ ಕನ್ಯಾ’ ನಿರ್ದೇಶಿಸಿದರು.

ಕನ್ನಡದಲ್ಲಿ ಬುದ್ಧನ ಕಥೆಯನ್ನು ನಮ್ಮವರು ಹಿಡಿದ ತುದಿಯೇ ಬೇರೆ. ಮಾಸ್ತಿಯವರು ‘ಯಶೋಧರಾ’ ನಾಟಕದಲ್ಲಿ ಕಾಡಿಗೆ ಹೋದವನ ಹಿಂದೆ ಹೋಗಲಿಲ್ಲ, ಮನೆಯಲ್ಲಿ ಉಳಿದವಳ ಬಳಿ ಕೂತರು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನಕ್ಕೆ ‘ಗೊಲ್ಗೊಥಾ’ ಬರೆದ ಲೇಖನಿಯಲ್ಲೇ ಬುದ್ಧನ ಕೊನೆಯ ದಿನಕ್ಕೆ ‘ವೈಶಾಖಿ’ ಬರೆದರು. ಬಾಸೆಲ್ ಮಿಷನ್ ಕಾಲಿಟ್ಟ ಅದೇ ಕರಾವಳಿಯಲ್ಲಿ ಕುಳಿತು, ಎರಡೂ ಧರ್ಮಗಳನ್ನು ಹೊರಗಿನವರಾಗಿ ನೋಡಿ, ಎರಡಕ್ಕೂ ಮನಸೋತವರು. ಜಿ.ಪಿ. ರಾಜರತ್ನಂ ವರ್ಷಗಟ್ಟಲೆ ಪಾಳಿಯಲ್ಲಿ ಮುಳುಗಿ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ಇಳಿಸಿದರು. ಅಂಬಿಗ ಅಂದರಂತೂ ನಮಗೆ ಪುರಂದರದಾಸರ ‘ಅಂಬಿಗ ನಾ ನಿನ್ನ ನಂಬಿದೆ’ ನೆನಪಾಗುತ್ತದೆ, ಚೌಡಯ್ಯನ ಖಾರದ ವಚನಗಳೂ ನೆನಪಾಗುತ್ತವೆ. ಹೆಸ್ಸೆಯ ವಾಸುದೇವ ಅಷ್ಟು ಮೆತ್ತಗೆ ನಗುತ್ತಾ ಕೂತಿರುವುದು ಕನ್ನಡಿಗನಿಗೆ ಸ್ವಲ್ಪ ಸಪ್ಪೆ ಎನಿಸಿದರೆ ತಪ್ಪಿಲ್ಲ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗಬೇಡಿ, ನನ್ನ ಬೋಧನೆಯೂ ತೆಪ್ಪದಂತೆ ಎಂದು ಬುದ್ಧ ಅಲಗದ್ದೂಪಮ ಸುತ್ತದಲ್ಲಿ ಹೇಳಿದ್ದಾನೆ. ಹೆಸ್ಸೆಯ ಇಬ್ಬರು ಅಂಬಿಗರು, ವಾಸುದೇವನೂ ಅವನ ಜೊತೆ ಅಂಬಿಗನಾಗುವ ಸಿದ್ಧಾರ್ಥನೂ, ತಾವು ದಾಟಿದ ಮೇಲೂ ದೋಣಿ ಬಿಡದೆ ಬೇರೆಯವರನ್ನು ದಾಟಿಸುತ್ತಾರೆ. ಮಹಾಯಾನದ ಬೋಧಿಸತ್ತ್ವರಿಗೆ ಈ ಒಂದು ಚಿತ್ರ ಇಷ್ಟವಾಗುತ್ತಿತ್ತು.

ಮಗನಿಗೆ ಕೊಡಿ, ಧಾರಾಳವಾಗಿ ಕೊಡಿ. ಆ ವಯಸ್ಸಿನಲ್ಲಿ ‘ನಾನು ಯೋಚಿಸಬಲ್ಲೆ, ಕಾಯಬಲ್ಲೆ, ಉಪವಾಸ ಇರಬಲ್ಲೆ’ ಎನ್ನುವ ಸಿದ್ಧಾರ್ಥ ತಲೆಗೆ ಹತ್ತುತ್ತಾನೆ, ಹತ್ತಲಿ. ಜೊತೆಗೆ ಸತ್ಯಕಾಮನ ಕಥೆಯನ್ನೂ ಲೆಕ್ಕಿಗ ಬ್ರಾಹ್ಮಣನ ಸುತ್ತವನ್ನೂ ಓದಲು ಹೇಳಿ, ಎರಡೂ ಸೇರಿ ಒಂದು ಸಂಜೆಯ ಓದು. ಆಮೇಲೆ ಜೇತವನದ ಅಧ್ಯಾಯವನ್ನು ಮತ್ತೊಮ್ಮೆ ಓದಿ ಯಾರ ವಾದ ಗಟ್ಟಿ ಅಂತ ಅವನೂ ನಿಮ್ಮ ದೊಡ್ಡಪ್ಪನೂ ಕೂತು ಜಗಳವಾಡಲಿ. ಓಡಿಹೋದ ಮಗನನ್ನು ಹುಡುಕಿಕೊಂಡು ಸಿದ್ಧಾರ್ಥ ಊರ ಬಳಿಯ ವಿಹಾರವನದ ಬಾಗಿಲವರೆಗೆ ಹೋಗಿ ನಿಲ್ಲುವ ಅಧ್ಯಾಯವನ್ನು ಹುಡುಗ ಹಾರಿಸಿಬಿಟ್ಟರೆ ಬೈಯಬೇಡಿ, ಅದನ್ನು ನೀವು ಇನ್ನೊಂದು ಸಲ ಓದಿ.